ಮಿಶನ್‌ನವರು ನನ್ನ ಫೀಲ್ಡ್, ಅಂದರೆ ಕೆಲಸದ ಊರು, ಬದಲಾಯಿಸಿದ್ದಾರೆ, ಹತ್ತು ದಿನ ಕೊಟ್ಟಿದ್ದಾರೆ. ಒಪ್ಪಲೇ, ಮೇಲ್ಮನವಿ ಹಾಕಲೇ?

ನಿಮಗೆ ಹತ್ತು ದಿನವಾದರೂ ಕೊಟ್ಟಿದ್ದಾರೆ. ನನಗೆ ಕೊಟ್ಟದ್ದು ಆರು.

ಮಂಗಳೂರಿನಲ್ಲಿ ನಾಲ್ಕು ವರ್ಷದ ಕೆಲಸ, ಜನ ನಂಬಲು ಶುರು ಮಾಡಿದ್ದೇ ಈಗ, ಅಷ್ಟರಲ್ಲಿ ಮಿಶನ್ ಆಫೀಸಿನಿಂದ ಕಾರಣವೇ ಇಲ್ಲದ ಆದೇಶ ಎಂದು ಬರೆದಿದ್ದೀರಿ. ಓದುವಾಗ ನನ್ನದೇ ಹಳೆಯ ಡೈರಿ ಕೈಗೆ ಸಿಕ್ಕಿದಂತಾಯಿತು. ಉತ್ತರ ಉದ್ದವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಎಂಟು ವರ್ಷದ ಹಿಂದಿನ ಮೇ ತಿಂಗಳು. ನಾನಾಗ ಮಂಗಳೂರಿನಲ್ಲಿ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್‌ಗಳಲ್ಲಿ ಇದ್ದೆ. ಮಿಶನರಿ ಎಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ನನ್ನ ದಿನ ಹೋಗುತ್ತಿದ್ದದ್ದು ಆಧಾರ್ ಕಾರ್ಡಿನ ವಿಳಾಸ ತಿದ್ದಿಸುವುದರಲ್ಲಿ, ವೆನ್ಲಾಕ್ ಆಸ್ಪತ್ರೆಯಲ್ಲಿ ಯಾರದ್ದಾದರೂ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದರಲ್ಲಿ. ಸಂಜೆ ಮಕ್ಕಳಿಗೆ ಟ್ಯೂಷನ್, ಆದಿತ್ಯವಾರ ಕೂಟ. ಟ್ಯೂಷನ್‌ಗೆ ಹತ್ತಿರದ ಮನೆಯ ಅಕ್ಕ ಒಬ್ಬರು ತಮ್ಮ ಹಿತ್ತಲಿನ ಕೋಣೆ ಬಿಟ್ಟುಕೊಟ್ಟಿದ್ದರು. 19 ಮಕ್ಕಳು. ಒಂದು ಕರಿಹಲಗೆ, ಎರಡು ಚಾಪೆ.

ಜ್ಯೋತಿ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವಾಗ ಕೋಆರ್ಡಿನೇಟರ್ ಫೋನ್ ಬಂತು. "ಬ್ರದರ್, ಕುಂದಾಪುರಕ್ಕೆ ಹೋಗ್ಬೇಕು. ಒಂದನೇ ತಾರೀಕಿಗೆ ಅಲ್ಲಿರಿ." ಎರಡು ದಿನದ ಕ್ಯಾಂಪ್ ಇರಬೇಕು ಅಂದುಕೊಂಡು ಕೇಳಿದೆ, "ವಾಪಸ್ ಯಾವಾಗ?" ಆಚೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ವಾಪಸ್ ಇಲ್ಲ ಬ್ರದರ್."

ನೀವು ಹಾಕಬೇಕೆಂದಿರುವ ಮೇಲ್ಮನವಿಯನ್ನು ನಾನು ಹಾಕಿಯೇಬಿಟ್ಟೆ. ಎರಡು ಪುಟ, ಕೊನೆಯಲ್ಲಿ ಮಕ್ಕಳ ತಂದೆತಾಯಿಯ ಸಹಿ, ಹೆಬ್ಬೆಟ್ಟು. ಆಫೀಸಿನಲ್ಲಿ ಚಾ ಕೊಟ್ಟರು, ಒಳ್ಳೆಯ ಮಾತಾಡಿದರು, ಪತ್ರವನ್ನು ಫೈಲಿಗೆ ಸೇರಿಸಿದರು. ಅಲ್ಲಿಗೆ ಅದು ಮುಗಿಯಿತು.

ಬೀಳ್ಕೊಡುಗೆಯಲ್ಲಿ ಹಿರಿಯರೊಬ್ಬರು ಮಾತಾಡಿದರು. ನಮ್ಮ ಊರಲ್ಲಿ ಮಿಶನರಿಯನ್ನು ಪಕ್ಕದ ಬೀದಿಗೆ ಕಳಿಸುವುದಿದ್ದರೂ ಭಾಷಣ 1834ರಿಂದಲೇ ಶುರುವಾಗಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹೆಬಿಕ್ ಆ ವರ್ಷ ಮಂಗಳೂರಿಗೆ ಬಂದು 1841ರಲ್ಲಿ ಕಣ್ಣೂರಿಗೆ ಹೋದದ್ದು, ಮೋಗ್ಲಿಂಗ್ ಇಲ್ಲಿಂದ ಕೊಡಗಿಗೆ ಹೋದದ್ದು, ಕಿಟ್ಟೆಲ್ ಧಾರವಾಡ, ಮಂಗಳೂರು, ಮಡಿಕೇರಿ ಎಂದು ಸುತ್ತಿದ ಮೇಲೆಯೇ 1894ರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು, ಎಲ್ಲಾ ಆಯಿತು. "1843ರಲ್ಲಿ ಇಲ್ಲಿ ಹುಟ್ಟಿದ ಮಂಗಳೂರ ಸಮಾಚಾರ ಪತ್ರಿಕೆಗೇ ವರ್ಷ ತುಂಬುವ ಮೊದಲು ಬಳ್ಳಾರಿಗೆ ವರ್ಗ ಆಗಿತ್ತು, ನಿನ್ನದೆಂತ ದೊಡ್ಡದು" ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಆದರೆ ನಾನು ಕಿಟ್ಟೆಲ್ ಅಲ್ಲ ಮಾರಾಯ್ರೆ. ನನ್ನ ತಲೆಯಲ್ಲಿ ಇದ್ದದ್ದು ಮಗನ ಟೀಸಿ, ಗ್ಯಾಸ್ ಕನೆಕ್ಷನ್, ಮನೆ ಅಡ್ವಾನ್ಸ್ ವಾಪಸ್ ಸಿಗುತ್ತದೋ ಇಲ್ಲವೋ ಎಂಬುದು. ಟೆಂಪೋ ಹೆಜಮಾಡಿ ದಾಟುವಾಗ ಮಳೆ ಹಿಡಿಯಿತು. ಕುಂದಾಪುರದಲ್ಲಿ ಇಳಿಸುವಾಗ ಹಾಸಿಗೆ ಹಿಂಡಿದರೆ ನೀರು.

ಅಲ್ಲಿ ಮೊದಲು ಕೈಕೊಟ್ಟದ್ದು ನಾಲಿಗೆ. ನಾನು ಮಂಗಳೂರಿನ ಜೆಪ್ಪುವಿನವ, ಮನೆಯಲ್ಲಿ ತುಳು, ಚರ್ಚಿನಲ್ಲಿ ಪುಸ್ತಕದ ಕನ್ನಡ. ಬ್ರಹ್ಮಾವರ ದಾಟಿ ಮುಂದೆ ಹೋದ ಹಾಗೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಮೊದಲ ಮನೆ ಭೇಟಿಯಲ್ಲಿ "ಹ್ವಾಯ್, ಬನಿ, ಕೂಕಣಿ" ಅಂದರು. ಬನಿ ಗೊತ್ತಾಯಿತು. ಕೂಕಣಿ ಎಂದರೆ ಕೂತುಕೊಳ್ಳಿ ಎಂದು ಗೊತ್ತಾಗದೆ ಬಾಗಿಲಲ್ಲೇ ನಿಂತಿದ್ದೆ. ಇವನಿಗೆ ಭಾರೀ ದೊಡ್ಡಸ್ತಿಕೆ ಅಂದುಕೊಂಡರಂತೆ.

ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇತ್ತು. ನನ್ನನ್ನು ಕಳಿಸಿದ್ದು ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೊರಗಿನಿಂದ ಬಂದವರ ನಡುವೆ ಇರಲಿಕ್ಕೆ. ನಾನು ಸೇರಿದ್ದು ಜೂನ್ 1ಕ್ಕೆ. ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಶುರುವಾಗುವುದೂ ಅದೇ ದಿನ, ಜುಲೈ 31ರ ತನಕ, 61 ದಿನ. ಬೋಟೆಲ್ಲ ದಡಕ್ಕೆ, ಕೆಲಸದವರೆಲ್ಲ ಅವರವರ ಊರಿಗೆ. ಯಾರಿಗಾಗಿ ಕಳಿಸಿದರೋ ಅವರೇ ಇಲ್ಲ. ಕುಂದಾಪುರದ ಹೊಳೆ ಬದಿಯಲ್ಲಿ ನಿಂತರೆ ಎದುರಿಗೇ ಗಂಗೊಳ್ಳಿ ಕಾಣುತ್ತದೆ, ಆದರೆ ಬಸ್ಸಿನಲ್ಲಿ ಹೆಮ್ಮಾಡಿ, ತ್ರಾಸಿ ಎಂದು ಊರೆಲ್ಲಾ ಸುತ್ತಬೇಕು. ಹಾಗೆ ಸುತ್ತಿ ಹೋಗಿ, ಮಗುಚಿ ಹಾಕಿದ ದೋಣಿಗಳನ್ನು ನೋಡಿ, ಮತ್ತೆ ಸುತ್ತಿ ಬರುತ್ತಿದ್ದೆ. ಮಾಡಲಿಕ್ಕೆ ಕೆಲಸವಿಲ್ಲ, ಹೊರಗೆ ಜಡಿಮಳೆ. ಕೈಯಲ್ಲಿ ಇದ್ದದ್ದು ಫೋನ್ ಒಂದೇ.

ಮಂಗಳೂರಿನಿಂದ ದಿನಕ್ಕೆ ನಾಲ್ಕೈದು ಕಾಲ್ ಬರುತ್ತಿತ್ತು. "ಬ್ರದರ್, ನೀವಿಲ್ಲದೆ ಬೋರ್ ಆಗ್ತದೆ", "ಬ್ರದರ್, ರೇಷನ್ ಕಾರ್ಡಿಗೆ ಎಂತ ಬರೀಬೇಕು", "ಬ್ರದರ್, ಹೊಸಬರು ನಿಮ್ಮ ಹಾಗೆ ಇಲ್ಲ". ಕೊನೆಯದನ್ನು ಕೇಳಲಿಕ್ಕೆ ನನಗೆ ಎಷ್ಟು ಹಿತವಾಗುತ್ತಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ನನ್ನ ಜಾಗಕ್ಕೆ ಬಂದವನು ಕೊಪ್ಪಳ ಕಡೆಯ ಹುಡುಗ, ಇಪ್ಪತ್ತಾರು ವರ್ಷ. ನಾನು ಅವನಿಗೆ ಕೆಲಸ ಒಪ್ಪಿಸಿದ್ದು ಹೇಗೆ ಗೊತ್ತಾ? ಹೊರಡುವ ದಿನ ಹತ್ತು ನಿಮಿಷದಲ್ಲಿ, ಟೆಂಪೋದವ ಹಾರ್ನ್ ಹೊಡೆಯುತ್ತಿರುವಾಗ, ಕೋಣೆಯ ಬೀಗದಕೈ ಮತ್ತು ಹಾಜರಿ ಪುಸ್ತಕ ಕೊಟ್ಟು.

ಜುಲೈ ಎರಡನೇ ವಾರ ಅಕ್ಕನ ಮೆಸೇಜ್ ಬಂತು. ಹೊಸ ಬ್ರದರ್ ಐದೂವರೆಯ ಟ್ಯೂಷನನ್ನು ಏಳೂವರೆಗೆ ಹಾಕಿದ್ದಾರೆ, ಒಂಬತ್ತು ಗಂಟೆ ತನಕ ಮಕ್ಕಳ ಗಲಾಟೆ, ಟಿವಿ ಕೇಳುವುದಿಲ್ಲ. ನಾನು ಶಾಸ್ತ್ರಿ ಸರ್ಕಲ್‌ನ ಒಂದು ಅಂಗಡಿಯ ಮಾಡಿನಡಿ ನಿಂತಿದ್ದೆ, ಕಂಕುಳಲ್ಲಿ ಕೊಡೆ. ಬೆರಳು ಒದ್ದೆಯಾಗಿ ಟೈಪ್ ಆಗುತ್ತಿರಲಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದೆ. ಟೈಪ್ ಮಾಡಬೇಕಾಗಿದ್ದರೆ ಒಂದು ಸಾಲಿಗೇ ಉದಾಸೀನವಾಗಿ ಬಿಟ್ಟುಬಿಡುತ್ತಿದ್ದೆನೇನೋ.

"ಅವನಿಗೆ ಅಲ್ಲಿಯ ಕ್ರಮ ಗೊತ್ತಿಲ್ಲ ಅಕ್ಕ. ನಾನಿದ್ದಿದ್ರೆ ಹೀಗೆ ಆಗ್ಲಿಕ್ಕೆ ಬಿಡ್ತಿರ್ಲಿಲ್ಲ. ನೀವೇ ಆಫೀಸಿಗೆ ಒಂದು ಮಾತು ಹೇಳಿ ನೋಡಿ."

ಹನ್ನೊಂದು ಸೆಕೆಂಡು. ಈ ಮೂರು ವಾಕ್ಯವನ್ನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ, ನಿಮ್ಮ ಮುಂದೆಯೂ ಬಿಡಿಸುತ್ತೇನೆ. ಮೊದಲನೆಯದು ಸುಳ್ಳು. ಶೆಡ್ಡಿನವರ ಕ್ರಮ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಅವನು ಅವರ ಸೀಮೆಯವನೇ. ಅದರಲ್ಲೂ "ಅವನಿಗೆ" ಎಂಬ ಏಕವಚನ ನೋಡಿ. ಎದುರಿಗೆ ನಾನವನನ್ನು ಬ್ರದರ್ ಎಂದೇ ಕರೆದಿದ್ದೆ. ಎರಡನೆಯ ವಾಕ್ಯ ನಿಜ, ಅದೇ ಅದರ ದೋಷ. ನಾನಿದ್ದಿದ್ದರೆ ಖಂಡಿತ ಏಳೂವರೆ ಆಗುತ್ತಿರಲಿಲ್ಲ, ಏಕೆಂದರೆ ಐದೂವರೆ ಇದ್ದದ್ದು ನನ್ನ ಬಸ್ಸಿನ ಅನುಕೂಲಕ್ಕೆ. ಆ ಹೊತ್ತಿಗೆ ತಾಯಂದಿರು ಇನ್ನೂ ಸೈಟಿನಲ್ಲಿರುತ್ತಾರೆ. ತಮ್ಮ-ತಂಗಿಯರನ್ನು ನೋಡಿಕೊಂಡು ಒಲೆ ಹಚ್ಚಿಡುವುದು ದೊಡ್ಡ ಹುಡುಗಿಯರ ಕೆಲಸ. ನನ್ನ 19ರಲ್ಲಿ ಹುಡುಗಿಯರು ಮೂವರೇ. ಯಾಕೆ ಮೂವರೇ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವನು ಬಂದು ಎರಡು ವಾರದೊಳಗೆ ಕೇಳಿದ್ದ, ತಾಯಂದಿರು ವಾಪಸ್ಸಾಗಿ ಕೈಕಾಲು ತೊಳೆದು ಕೂತ ಮೇಲೆ ಟ್ಯೂಷನ್ ಎಂದು ತೀರ್ಮಾನಿಸಿದ್ದ. ಇನ್ನೂ ಆರು ಹುಡುಗಿಯರು ಬರತೊಡಗಿದ್ದರು.

ಇನ್ನು ಮೂರನೆಯ ವಾಕ್ಯ, ಆಫೀಸಿಗೆ ಹೇಳಿ ಎನ್ನುವುದು. ಅದು ಅಕ್ಕನ ಟಿವಿಗಾಗಿ ಹೇಳಿದ್ದಲ್ಲ. ನನ್ನ ಎರಡು ಪುಟದ ಪತ್ರವನ್ನು ಫೈಲಿಗೆ ಹಾಕಿದರಲ್ಲ, ಅದಕ್ಕೆ. ನನ್ನನ್ನು ತೆಗೆದದ್ದು ತಪ್ಪೆಂದು ಅವರಿಗೆ ಗೊತ್ತಾಗಲಿ ಎಂಬ ಆಸೆ ಅದು. ಬೇರೆಯವರ ಬಾಯಲ್ಲಿ ಮತ್ತೊಂದು ಮೇಲ್ಮನವಿ ಹಾಕಿಸಿದ ಹಾಗೆ.

ಅಕ್ಕ ಒಳ್ಳೆಯವರೇ, ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆ ಆಡಿಯೋವನ್ನು ಪ್ರಾರ್ಥನಾ ಗುಂಪಿಗೆ ಫಾರ್ವರ್ಡ್ ಮಾಡಿದರು. ಆ ಗುಂಪಿನಲ್ಲಿ ಅವನೂ ಇದ್ದ. ಆಫೀಸಿನವರೂ ಇದ್ದರು. ಮತ್ತೆ ಐದೂವರೆಗೆ ಮಾಡು ಎಂದು ಆಫೀಸಿನಿಂದ ಹೇಳಿಕೆ ಹೋಯಿತು, ಅವನು ಹಾಗೇ ಮಾಡಿದ, ಆ ಆರು ಹುಡುಗಿಯರು ನಿಂತುಹೋದರು. ಸೆಪ್ಟೆಂಬರಿನಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೋದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಕ್ರಿಸ್ಮಸ್ಸಿಗೆ ಮಂಗಳೂರಿಗೆ ಹೋದಾಗ. ಕೋಣೆಯಲ್ಲಿ ಸಿಮೆಂಟ್ ಚೀಲ ಅಟ್ಟಿ ಹಾಕಿದ್ದರು. ಹಿಂದೆ ಗೋಡೆಗೆ ಒರಗಿಸಿದ್ದ ಕರಿಹಲಗೆಯ ಅರ್ಧ ಕಾಣುತ್ತಿತ್ತು. ಅವನ ಅಕ್ಷರದಲ್ಲಿ ಏಳರ ಮಗ್ಗಿ, ಏಳಾರಲ ನಲ್ವತ್ತೆರಡರ ತನಕ. ಕೆಳಗಿನದ್ದು ಚೀಲದ ಹಿಂದೆ.

ಅವನಿಗೆ ಫೋನ್ ಮಾಡಲಿಕ್ಕೆ ನನಗೆ ಮತ್ತೆ ಹತ್ತು ದಿನ ಬೇಕಾಯಿತು. ಆ ಆಡಿಯೋ ಕೇಳಿದ್ದೀಯಾ ಎಂದೆ. "ಕೇಳೀನ್ರಿ ಬ್ರದರ್" ಅಂದ. ಬೈಯಲಿಲ್ಲ. "ನೀವು ನನಗ ಒಂದ್ ಫೋನ್ ಮಾಡಿದ್ರ ಹೇಳ್ತಿದ್ನಲ್ರಿ, ಏಳೂವರೆ ಯಾಕಂತ." ಬೈದಿದ್ದರೆ ಒಳ್ಳೆಯದಿತ್ತು.

ಈಗ ನಿಮ್ಮ ಪ್ರಶ್ನೆ. ಒಪ್ಪಬೇಕೋ ವಿರೋಧಿಸಬೇಕೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯಲ್ಲೇ ನನಗೆ ನಂಬಿಕೆ ಇಲ್ಲ. ಹೆಂಡತಿಗೆ ದಿನ ತುಂಬಿದೆ, ಮಗ ಎಸ್ಸೆಸ್ಸೆಲ್ಸಿ, ಮನೆಯಲ್ಲಿ ಕಾಯಿಲೆಯವರಿದ್ದಾರೆ, ಹೀಗೆ ಏನಾದರೂ ಇದ್ದರೆ ಒಂದು ಪತ್ರ ಬರೆಯಿರಿ, ಅದನ್ನೇ ಬರೆಯಿರಿ, ಮೂರು ತಿಂಗಳು ಕೇಳಿ. ಆದರೆ "ನಾನು ಹೋದರೆ ಇಲ್ಲಿ ಎಲ್ಲಾ ಬಿದ್ದುಹೋಗುತ್ತದೆ" ಎಂಬ ಸಾಲು ನಿಮ್ಮ ಪ್ರಶ್ನೆಯಲ್ಲಿ ಎರಡು ಸಲ ಇದೆ. ನನ್ನ ಎರಡು ಪುಟದಲ್ಲೂ ಅದೇ ಇತ್ತು, ಸ್ವಲ್ಪ ಒಳ್ಳೆಯ ಕನ್ನಡದಲ್ಲಿ.

ನಮ್ಮ ಮುತ್ತಜ್ಜ ಜೆಪ್ಪುವಿನ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. 1914ರಲ್ಲಿ ಯುದ್ಧ ಶುರುವಾಗಿ ಇಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟು, ಕಡೆಗೆ ಅವರ ದೇಶಕ್ಕೆ ಕಳಿಸಿಬಿಟ್ಟರು. ಎಂಬತ್ತು ವರ್ಷ ಅವರನ್ನೇ ನೆಚ್ಚಿಕೊಂಡಿದ್ದ ಸಭೆಗಳು. ಕಾರ್ಖಾನೆ ಬೇರೆ ಕಂಪನಿಯ ಕೈಗೆ ಹೋಯಿತು. ಚರ್ಚಿನಲ್ಲಿ ಮಾತ್ರ ನಿನ್ನೆಯವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದವರು ಮುಂದೆ ಬಂದು ನಿಂತರು, ಆದಿತ್ಯವಾರದ ಗಂಟೆ ತಪ್ಪಲಿಲ್ಲ ಎಂದು ಮುತ್ತಜ್ಜ ಹೇಳುತ್ತಿದ್ದರಂತೆ. ಅಷ್ಟು ದೊಡ್ಡವರು ಹೋದಾಗ ಬೀಳದ್ದು ನೀವು ಕುಂದಾಪುರಕ್ಕೋ ಕಾರವಾರಕ್ಕೋ ಹೋದರೆ ಬೀಳುವುದಿಲ್ಲ. ನೀವು ದೂರ ಕೂತು ಅಲ್ಲಾಡಿಸಿದರೆ ಬೀಳುತ್ತದೆ. ನಾನು ಅಲ್ಲಾಡಿಸಿದೆ.

ಹೋದ ದಿನವೇ ಹಳೆಯ ಗುಂಪುಗಳಿಂದ ಹೊರಗೆ ಬನ್ನಿ. ಫೋನ್ ಬಂದರೆ ಆರೋಗ್ಯ ವಿಚಾರಿಸಿ, ಕೆಲಸದ ಸುದ್ದಿ ಬಂದರೆ "ಅದು ಅವರನ್ನೇ ಕೇಳಿ" ಎಂದು ಇಟ್ಟುಬಿಡಿ. ಇವನಿಗೆ ಕಲ್ಲು ಮನಸ್ಸು ಅನ್ನುತ್ತಾರೆ, ಅನ್ನಲಿ. "ಸಂಬಂಧ ಕಡಿಯಬಾರದು, ದೂರದಿಂದ ಮಾರ್ಗದರ್ಶನ ಕೊಡಬಹುದು" ಎಂದು ಯಾರಾದರೂ ಇಲ್ಲಿ ಬರೆದರೆ ನಂಬಬೇಡಿ. ಹಾಗೆ ಮಾರ್ಗದರ್ಶನ ಕೊಟ್ಟವ ನಾನೇ.

ಕುಂದಾಪುರದ್ದು ಕೇಳಿದರೆ ಹೆಚ್ಚು ಹೇಳಲಿಕ್ಕಿಲ್ಲ. ಆಗಸ್ಟಿನಲ್ಲಿ ಬೋಟು ಇಳಿದವು, ಜನ ಬಂದರು, ಕೆಲಸವೂ ಬಂತು. ಆದರೂ ನವೆಂಬರಿನಲ್ಲಿ ಗಂಗೊಳ್ಳಿಯ ಒಬ್ಬ ಅಜ್ಜಿ, ಮೀನು ಹೆಚ್ಚುತ್ತಾ, ತಲೆ ಎತ್ತದೆ ಕೇಳಿದ್ದರು: "ಹ್ವಾಯ್, ನೀವ್ ಬಂದ್ ಆರ್ ತಿಂಗ್ಳ್ ಆಯ್ತ್. ಇನ್ನೂ ಮಂಗ್ಳೂರಲ್ಲೇ ಇದ್ರಿ ಅಲ್ದಾ?" ಆಗ ನನ್ನ ಕಿವಿಯಲ್ಲಿ ಫೋನ್ ಇತ್ತು.

ಕೊನೆಗೆ ಒಂದು. ಅಷ್ಟುದ್ದ ಬರೆದಿದ್ದೀರಿ, ನಿಮ್ಮ ಜಾಗಕ್ಕೆ ಬರುವವರ ಬಗ್ಗೆ ಒಂದು ಸಾಲೂ ಇಲ್ಲ. ಅವರ ಹೆಸರು ಗೊತ್ತುಂಟಾ? ನಂಬರ್ ಆಫೀಸಿನಲ್ಲಿ ಸಿಗುತ್ತದೆ. ಹತ್ತರಲ್ಲಿ ಎರಡು ದಿನ ಅವರ ಜೊತೆ ಮನೆ ಮನೆ ತಿರುಗಿ, ಯಾರ ಮನೆಯಲ್ಲಿ ಯಾರಿಗೆ ಏನು ಎಂದು ಹೇಳಿ, ಅವರು ಏನು ಬದಲಾಯಿಸಬೇಕೆಂದಿದ್ದಾರೆ ಎಂದು ಕೇಳಿ ಸುಮ್ಮನಿರಿ. ಆ ಫೋನ್ ಮಾಡಿದ ಮೇಲೆಯೇ ಟೆಂಪೋ ಗೊತ್ತು ಮಾಡಿ. ಮಳೆ ಹತ್ತಿರ ಬಂತು, ಟಾರ್ಪಾಲು ಎರಡು ಹಾಕಿಸಿ. ಒಂದು ಸಾಲುವುದಿಲ್ಲ.