ಅರವತ್ತು ದಾಟಿದ ಮೇಲೆ ಕಾರಿನಲ್ಲಿ ನೆಂಟರ ಮನೆ ಸುತ್ತಿ ಸ್ಕೀಯಿಂಗಿಗೂ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ನಿಮಗೆ 66, ಮನೆಯವರಿಗೆ 61. ಇಬ್ಬರೂ ದಿನಾ ಐದು ಕಿಲೋಮೀಟರ್ ನಡೆಯುವವರು. ಸದ್ಯಕ್ಕೆ ಚಿಕಾಗೋದಲ್ಲಿ ಮಗಳ ಮನೆಯಲ್ಲಿದ್ದೀರಿ. ಅಕ್ಟೋಬರ್‌ನಲ್ಲಿ ಇಬ್ಬರೇ ಕಾರು ಹತ್ತಿ, ದಾರಿಯಲ್ಲಿ ಸಿಗುವ ನೆಂಟರನ್ನೆಲ್ಲ ಮಾತಾಡಿಸಿಕೊಂಡು ಡೆನ್ವರ್ ಮುಟ್ಟಬೇಕು, ಎಲೆ ಉದುರುವ ಮುಂಚಿನ ಫಾಲ್ ಬಣ್ಣ ನೋಡಬೇಕು, ಹಿಮ ಬಿದ್ದಿದ್ದರೆ ಮೊದಲ ಸಲ ಕಾಲಿಗೆ ಸ್ಕೀ ಹಲಗೆ ಹಾಕಿಕೊಂಡು ಇಳಿಜಾರಿನಲ್ಲಿ ಜಾರಿಯೂ ನೋಡಬೇಕು ಅಂತ ಆಸೆ. ಮಗಳು "ಈ ವಯಸ್ಸಲ್ಲಿ ಯಾಕಪ್ಪಾ ಇದೆಲ್ಲ" ಅಂತಿದ್ದಾಳೆ.

ಧಾರಾಳವಾಗಿ ಹೋಗಬಹುದು. ನನಗೆ 67, ನಮ್ಮನೆಯವಳಿಗೆ 64. ನಾವಿರುವುದೂ ಚಿಕಾಗೋ ಹತ್ತಿರವೇ, ಮಗ ಸೊಸೆ ಡೆನ್ವರ್‌ನಲ್ಲಿದ್ದಾರೆ, ಹಾಗಾಗಿ ಇದೇ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದಿದ್ದೇವೆ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಎಡವಟ್ಟಿದೆ. ಕೊಲರಾಡೊದಲ್ಲಿ ಎಲೆಯ ಬಣ್ಣವೂ ಹಿಮವೂ ಒಂದೇ ವಾರದಲ್ಲಿ ಸಿಗುವುದಿಲ್ಲ. ಅಲ್ಲಿನ ಆಸ್ಪೆನ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುವುದು ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ. ಕೆನೋಶಾ ಪಾಸ್ ಅನ್ನುವ ಬೆಟ್ಟದ ದಾರಿಯ ಕಡೆ ಆಗ ಜನಜಾತ್ರೆ. ನೀವು ಅಕ್ಟೋಬರ್ ಕೊನೆಗೆ ಹೋದರೆ ಬೆಟ್ಟದ ಮೇಲೆ ಬೋಳು ಕೊಂಬೆಗಳು ಮಾತ್ರ. ಅದಕ್ಕೆ ನಾವು ಮಾಡುವುದು ಹೀಗೆ: ಅಕ್ಟೋಬರ್ ಮಧ್ಯದಲ್ಲಿ ಹೊರಡುವ ಮುಂಚೆ ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್‌ಗೆ ಹೋಗಿ ಕೆಂಪು ಮೇಪಲ್ ನೋಡಿಬಿಡುತ್ತೇವೆ. ಡೆನ್ವರ್ ಮುಟ್ಟುವಾಗ ಊರೊಳಗಿನ ಕಾಟನ್‌ವುಡ್ ಮರಗಳು ಹಳದಿಯಾಗಿರುತ್ತವೆ, ಅಷ್ಟು ಸಾಕು. ಹಿಮದ ವಿಷಯ ಆಮೇಲೆ.

ಚಿಕಾಗೋದಿಂದ ಡೆನ್ವರ್ ಸುಮಾರು 1,000 ಮೈಲಿ. ಮಗ ಒಂದೂವರೆ ದಿನದಲ್ಲಿ ಓಡಿಸುತ್ತಾನೆ, ನಾವು ಒಂದು ವಾರ ತೆಗೆದುಕೊಳ್ಳುತ್ತೇವೆ. ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದರೆ ಡೆ ಮೊಯಿನ್ 330 ಮೈಲಿ, ಅಲ್ಲಿ ನನ್ನ ನಾದಿನಿಯ ಮನೆ. ಅಲ್ಲಿಂದ ಒಮಾಹಾ 135, ಅಲ್ಲಿ ಸೋದರಮಾವನ ಮಗ. ಆಮೇಲೆ ನಾರ್ತ್ ಪ್ಲಾಟ್, ಅಲ್ಲಿ ನಮ್ಮವರು ಯಾರೂ ಇಲ್ಲ, ಒಂದು ಮೋಟೆಲ್. ನಿಜ ಹೇಳಬೇಕೆಂದರೆ ಆ ಒಂದು ರಾತ್ರಿ ಎಷ್ಟು ನೆಮ್ಮದಿ ಅಂದರೆ ಹೇಳತೀರದು. ಬೆಳಗ್ಗೆ ಎದ್ದು ಗೂಡ್ಸ್ ಡಬ್ಬಿಗಳನ್ನು ವಿಂಗಡಿಸುವ ಬೇಯ್ಲಿ ಯಾರ್ಡ್ ನೋಡಿ. ಯೂನಿಯನ್ ಪೆಸಿಫಿಕ್ ರೈಲು ಕಂಪನಿಯವರದು, ಜಗತ್ತಿನ ಅತಿ ದೊಡ್ಡ ರೈಲ್ವೆ ಯಾರ್ಡ್, ಉದ್ದವೇ ಎಂಟು ಮೈಲಿ. ಗೋಲ್ಡನ್ ಸ್ಪೈಕ್ ಗೋಪುರ ಹತ್ತಿ ನಿಂತರೆ ಗೂಡ್ಸ್ ಡಬ್ಬಿಗಳು ಇಳಿಜಾರಿನಲ್ಲಿ ತಾವಾಗಿಯೇ ಉರುಳಿಕೊಂಡು ಹೋಗಿ ತಂತಮ್ಮ ಹಳಿ ಸೇರುವುದು ಕಾಣುತ್ತದೆ. ನನ್ನನ್ನು ಅಲ್ಲಿಂದ ಎಬ್ಬಿಸಲು ಇವಳು ಕಾರಿನ ಹಾರನ್ ಹೊಡೆಯಬೇಕಾಯಿತು.

ದಾರಿಯುದ್ದಕ್ಕೂ ಮೆಕ್ಕೆಜೋಳದ ಕೊಯ್ಲು ನಡೆದಿರುತ್ತದೆ, ದೂಳು ವಿಪರೀತ. ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ. ಅಕ್ಟೋಬರ್-ನವೆಂಬರ್ ಜಿಂಕೆಗಳು ಬೆದೆಗೆ ಬರುವ ಕಾಲ, ಸಂಜೆ ಹೊತ್ತು ರಸ್ತೆಗೆ ನುಗ್ಗುತ್ತವೆ. ಎದುರಿನ ಲೈಟು ನಮ್ಮ ವಯಸ್ಸಿನ ಕಣ್ಣಿಗೆ ಕುಕ್ಕುತ್ತದೆ ಕೂಡ. ನಾವು ಒಂಬತ್ತಕ್ಕೆ ಹೊರಟು ನಾಲ್ಕಕ್ಕೆ ಕಾರು ನಿಲ್ಲಿಸುತ್ತೇವೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋದ ಮೇಲಂತೂ ಐದಕ್ಕೆಲ್ಲ ಕತ್ತಲು.

ನೆಂಟರ ಮನೆ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಎರಡು ರಾತ್ರಿ, ಅಷ್ಟೇ. ಅವರೂ ಕೆಲಸಕ್ಕೆ ಹೋಗುವವರು, ಮಕ್ಕಳಿಗೆ ಸ್ಕೂಲಿದೆ. ಭಾನುವಾರ ಸಂಜೆ ಹೋಗಿ ಬುಧವಾರದವರೆಗೆ ಕೂತರೆ ಯಾರಿಗೂ ಸುಖವಿಲ್ಲ. ಇನ್ನೊಂದು, ಊಟ. ಡೆ ಮೊಯಿನ್‌ನಲ್ಲಿ ಹೋಳಿಗೆ, ಒಮಾಹಾದಲ್ಲಿ ಬಿಸಿಬೇಳೆಭಾತ್ ಜೊತೆ ಬೋಂಡ, ಮರುದಿನ "ನೀವು ಬಂದಿದ್ದೀರಂತ" ಮತ್ತೊಬ್ಬರ ಮನೆಗೆ ಕರೆ. ಮೊದಲ ಸಲ ಡೆನ್ವರ್ ಮುಟ್ಟುವಷ್ಟರಲ್ಲಿ ನನ್ನ ಶುಗರ್ ಎಲ್ಲಿಗೋ ಹೋಗಿತ್ತು. ಈಗ ನಾದಿನಿಗೆ ಮೊದಲೇ ಫೋನ್ ಮಾಡಿ ರಾತ್ರಿಗೆ ತಿಳಿಸಾರು ಅನ್ನ ಮಾತ್ರ ಅಂತ ಹೇಳಿಬಿಡುತ್ತೇನೆ. ಷಡ್ಡಕನಿಗೆ ಖುಷಿ, ಅವನಿಗೂ ಅದೇ ಬೇಕಾಗಿರುತ್ತದೆ.

ಈಗ ಸ್ಕೀಯಿಂಗ್. ಡೆನ್ವರ್‌ನಿಂದ ಇಂಟರ್‌ಸ್ಟೇಟ್ 70ರಲ್ಲಿ ಪಶ್ಚಿಮಕ್ಕೆ ಗಂಟೆ ಹೊತ್ತು ಹೋದರೆ, ಐಸೆನ್‌ಹೋವರ್ ಸುರಂಗದ ಬಾಯಿಯಲ್ಲೇ ಲವ್‌ಲ್ಯಾಂಡ್ ಸಿಗುತ್ತದೆ. ಅಮೆರಿಕದಲ್ಲಿ ಎಲ್ಲರಿಗಿಂತ ಮುಂಚೆ ತೆರೆಯುವ ಸ್ಕೀ ಬೆಟ್ಟಗಳಲ್ಲಿ ಅದೂ ಒಂದು. ಪಕ್ಕದ ಅರಾಪಹೋ ಬೇಸಿನ್ ಇನ್ನೊಂದು. ಯಾರು ಮೊದಲು ಅಂತ ಇಬ್ಬರಿಗೂ ಪೈಪೋಟಿ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಆರಂಭದೊಳಗೆ ಯಾವಾಗಲೋ ಶುರುವಾಗುತ್ತದೆ. ಆದರೆ ಆಗ ಇರುವುದು ಆಕಾಶದಿಂದ ಬಿದ್ದ ಹಿಮ ಅಂತ ತಿಳಿಯಬೇಡಿ. ರಾತ್ರಿ ಚಳಿ ಸೊನ್ನೆಗಿಂತ ಕೆಳಗಿಳಿದಾಗ ಒತ್ತಡದ ಗಾಳಿಯಲ್ಲಿ ನೀರು ಚಿಮ್ಮಿಸಿ ಸ್ನೋ ಗನ್ನುಗಳಿಂದ ಮಾಡಿದ್ದು. ಬೆಟ್ಟದ ಗಾಳಿ ಒಣಗಿರುವುದರಿಂದ ಹನಿ ಬೇಗ ಹೆಪ್ಪುಗಟ್ಟುತ್ತದೆ. ಇಡೀ ಬೆಟ್ಟ ಕಂದು ಬಣ್ಣಕ್ಕಿರುತ್ತದೆ, ನಡುವೆ ಒಂದು ಬಿಳಿ ಪಟ್ಟಿ. ಲವ್‌ಲ್ಯಾಂಡಿನಲ್ಲಿ ಕ್ಯಾಟ್‌ವಾಕ್, ಮ್ಯಾಂಬೊ, ಹೋಮ್ ರನ್ ಅನ್ನುವ ಮೂರು ಇಳಿಜಾರುಗಳೂ ಸೇರಿ ಮೇಲಿಂದ ಕೆಳಗಿನವರೆಗೆ ಒಂದೇ ಹಾದಿ, ಒಂದು ಮೈಲಿಗೆ ಮಿಕ್ಕಿ. ಆ ಒಂದು ಪಟ್ಟಿಯ ಮೇಲೆ ಆರು ತಿಂಗಳು ಕಾದ ಡೆನ್ವರಿನ ಹುಡುಗರೆಲ್ಲ ಬಿದ್ದಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೇಲಿನದೆಲ್ಲ ಕೆರೆದುಹೋಗಿ ಕೆಳಗೆ ಗಾಜಿನಂಥ ಮಂಜುಗಡ್ಡೆ.

ಮೊದಲ ಸಲ ಸ್ಕೀ ಹಾಕುವವರಿಗೆ ಅದು ಜಾಗವಲ್ಲ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಲಿಯುವವರ ಇಳಿಜಾರು ಬೇರೆಯೇ ಇದೆ, ಲವ್‌ಲ್ಯಾಂಡ್ ವ್ಯಾಲಿ ಅಂತ. ಅದು ತಡವಾಗಿ ತೆರೆಯುತ್ತದೆ. ಫೋನ್ ಮಾಡಿ ಕೇಳಿಕೊಂಡು, ಅದು ತೆರೆದ ಮೇಲೆ ವಾರದ ನಡುವಿನ ದಿನ ಹೋಗಿ, ಪಾಠ ತೆಗೆದುಕೊಳ್ಳಿ. ಅದಕ್ಕಾಗಿ ಪ್ರಯಾಣವನ್ನೇ ಉದ್ದ ಮಾಡಿ. ಹೇಗೂ ಡೆನ್ವರ್‌ನಲ್ಲಿ ಕೆಲವು ದಿನ ಸುಮ್ಮನಿರಲೇಬೇಕು. ಊರೇ ಒಂದು ಮೈಲಿ ಎತ್ತರದಲ್ಲಿದೆ, ಲವ್‌ಲ್ಯಾಂಡಿನ ಬುಡವೇ 10,800 ಅಡಿ. ಚಿಕಾಗೋದಿಂದ ನೇರ ಅಲ್ಲಿಗೆ ಹೋದ ನಮ್ಮ ಪರಿಚಯದವರೊಬ್ಬರು ತಲೆನೋವು, ವಾಂತಿ ಅಂತ ಕಾರಿನಲ್ಲೇ ದಿನ ಕಳೆದರು. ಬಿಪಿ, ಹೃದಯದ ಔಷಧಿ ತೆಗೆದುಕೊಳ್ಳುವವರಾದರೆ ಎತ್ತರದ ವಿಷಯವನ್ನು ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ವಿಸಿಟರ್ ವೀಸಾದಲ್ಲಿದ್ದರೆ ಇನ್ಶೂರೆನ್ಸ್ ಕಾಗದವನ್ನೂ ಓದಿ, ಎಷ್ಟೋ ಪಾಲಿಸಿಗಳು ಸ್ಕೀಯಿಂಗನ್ನು ಹೊರಗಿಟ್ಟಿರುತ್ತವೆ.

ಇನ್ನು ನಾನು ನಿಜವಾಗಿ ಹೇಳಬೇಕಾಗಿದ್ದ ವಿಷಯ. ನಾನು ಸ್ಕೀ ಕಲಿತದ್ದು 54ಕ್ಕೆ, ವಿಸ್ಕಾನ್ಸಿನ್‌ನ ಒಂದು ಪುಟ್ಟ ಗುಡ್ಡದಲ್ಲಿ. ಬಾಡಿಗೆಗೆ ಸ್ಕೀ ಕೊಡುವಲ್ಲಿ ಒಂದು ಫಾರಂ ತುಂಬಿಸುತ್ತಾರೆ: ತೂಕ, ಎತ್ತರ, ವಯಸ್ಸು, ಮೆಲ್ಲಗೆ ಹೋಗುವವರೋ ಜೋರಿನವರೋ ಅಂತ 1, 2, 3ರಲ್ಲಿ ಒಂದು ಗುರುತು. 58ನೇ ವರ್ಷದಲ್ಲಿ ಒಂದು ದಿನ ನನ್ನ ಹಿಂದೆ ಮಗನ ಸ್ನೇಹಿತರು ಸಾಲಿನಲ್ಲಿ ನಿಂತಿದ್ದರು. ವಯಸ್ಸಿನ ಕಾಲಂನಲ್ಲಿ 48 ಅಂತ ಬರೆದೆ. ಅದು ಸುಮ್ಮನೆ ಲೆಕ್ಕಕ್ಕೆ ಕೇಳುವುದು ಅಂದುಕೊಂಡಿದ್ದೆ. ಹಾಗಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಇದೆಯಲ್ಲ, ನೀವು ಬಿದ್ದಾಗ ಅದು ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕು ಅನ್ನುವುದನ್ನು ಆ ಫಾರಂ ಮತ್ತು ಬೂಟಿನ ಅಟ್ಟೆಯ ಉದ್ದ ನೋಡಿ ನಿರ್ಧರಿಸುತ್ತಾರೆ. 50 ತುಂಬಿದವರಿಗೆ ಒಂದು ಮೆಟ್ಟಿಲು ಸಡಿಲ ಇಡಬೇಕು ಅಂತ ಕೋಷ್ಟಕದಲ್ಲೇ ಇದೆ. ಅಂಗಡಿಯ ಹುಡುಗ ನನ್ನ 48 ನೋಡಿ ಸ್ಕ್ರೂ ತಿರುಗಿಸಿದ. ಆ ಸಂಜೆ ನಾನು ಬಿದ್ದದ್ದು ವೇಗದಲ್ಲೇನಲ್ಲ, ನಿಂತಷ್ಟು ನಿಧಾನದಲ್ಲಿ. ದೇಹ ಎಡಕ್ಕೆ ತಿರುಗಿತು, ಸ್ಕೀ ಬಿಟ್ಟುಕೊಳ್ಳಲಿಲ್ಲ, ಮಂಡಿ ಮಾತ್ರ ತಿರುಚಿತು. ಬೈಂಡಿಂಗ್ ಒಂದು ಮೆಟ್ಟಿಲು ಸಡಿಲ ಇದ್ದಿದ್ದರೆ ಬಿಡುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಆರು ವಾರ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಾಗ ಅದೇ ಯೋಚನೆ. ಡಾಕ್ಟರಿಗಿಂತ ಹೆಚ್ಚು ಬೈದವಳು ನಮ್ಮನೆಯವಳು, "ಹತ್ತು ವರ್ಷ ಕದ್ದಿರಿ, ಮಂಡಿ ಕೊಟ್ಟಿರಿ" ಅಂತ. ನೀವು 66 ಅಂದರೆ 66 ಅಂತಲೇ ಬರೆಯಿರಿ, ತೂಕವನ್ನೂ ಸೇರಿಸಿ.

ಬೂಟಿನ ಬಗ್ಗೆ ಒಂದು ಮಾತು. ಚಳಿ ಅಂತ ಎರಡೆರಡು ಸಾಕ್ಸ್ ಹಾಕಬೇಡಿ, ಒಂದೇ ಒಂದು, ತೆಳುವಾದದ್ದು. ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೂಟು ತೊಟ್ಟ ಮೊದಲ ಹತ್ತು ನಿಮಿಷ ಮೊಣಕಾಲಿನ ಕೆಳಗೆ ಇಕ್ಕಳದಲ್ಲಿ ಹಿಡಿದ ಹಾಗೆ ಅನ್ನಿಸುತ್ತದೆ, ಅದು ಸರಿಯೇ. ಬಾಡಿಗೆ ಸಾಮಾನನ್ನು ಹಿಂದಿನ ಸಂಜೆಯೇ ಡೆನ್ವರ್‌ನಲ್ಲಿ ತೆಗೆದುಕೊಂಡರೆ ಬೆಟ್ಟದ ಸಾಲು ತಪ್ಪುತ್ತದೆ.

ಕಾರಿನ ಟೈರು ಮರೆಯಬೇಡಿ. ಸೆಪ್ಟೆಂಬರ್‌ನಿಂದ ಮೇ ಕೊನೆಯವರೆಗೆ ಆ ಇಂಟರ್‌ಸ್ಟೇಟ್ 70ರ ಬೆಟ್ಟದ ಭಾಗದಲ್ಲಿ ಟೈರಿನ ಹಲ್ಲು ಸುಮಾರು 5 ಮಿಲಿಮೀಟರ್ ಇರಬೇಕು, ಹಿಮದ ಟೈರೋ ನಾಲ್ಕೂ ಚಕ್ರ ಎಳೆಯುವ ಕಾರೋ, ಇಲ್ಲವೇ ಚಕ್ರಕ್ಕೆ ಕಟ್ಟುವ ಸರಪಳಿಯೋ ಇರಬೇಕು ಅಂತ ಕೊಲರಾಡೊದ ಕಾನೂನಿದೆ. ನಾವು ಬೆಟ್ಟಕ್ಕೆ ಮಗನ ಕಾರು ತೆಗೆದುಕೊಂಡು ಹೋಗುತ್ತೇವೆ.

ಇಳಿಜಾರಿನಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡೂವರೆ, ಅಷ್ಟು ಸಾಕು. ಆಮೇಲೆ ಕಾರಿನ ಡಿಕ್ಕಿ ತೆಗೆದು ಕೂತು ಫ್ಲಾಸ್ಕಿನ ಡಿಕಾಕ್ಷನ್‌ಗೆ ಹಾಲು ಬೆರೆಸಿಕೊಳ್ಳುತ್ತೇವೆ. ಜೊತೆಗೆ ಚಪಾತಿ, ಚಟ್ನಿಪುಡಿ. ಪಕ್ಕದ ಕಾರಿನವರು ಒಮ್ಮೆ ಚಟ್ನಿಪುಡಿ ರುಚಿ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡು, ಮತ್ತೆ ಕೈ ಚಾಚಿದರು.

ಮಗಳ ಹತ್ತಿರ ವಾದ ಮಾಡಲು ಹೋಗಬೇಡಿ. ದಿನಾ ಸಂಜೆ ಊರು ಸೇರಿದ ತಕ್ಷಣ ಒಂದು ಫೋನ್, ಸ್ಕೀ ಬಾಡಿಗೆಗೆ ಪಡೆದ ದಿನ ಆ ಫಾರಂನ ಒಂದು ಫೋಟೋ. ನನ್ನ ಮಗ ಈಗಲೂ ವಯಸ್ಸಿನ ಕಾಲಂ ದೊಡ್ಡದು ಮಾಡಿ ನೋಡುತ್ತಾನೆ.