ಮೂರು ಗಂಟೆ ಬಿಸಿಲಿಗೆ ಕುಂಡದಲ್ಲಿ ಈರುಳ್ಳಿ ಗಡ್ಡೆ ಕಟ್ಟುತ್ತದಾ?

ಬಾಲ್ಕನಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಬಿಸಿಲು, ಕುಂಡದ ಈರುಳ್ಳಿಗೆ ಎಲೆ ಬಂದಿದೆ, ಗಡ್ಡೆ ಮಾತ್ರ ಊದುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಅಷ್ಟು ಬಿಸಿಲಲ್ಲಿ ಒಳ್ಳೆ ಗಾತ್ರದ ಗಡ್ಡೆ ಬರುವುದು ಕಷ್ಟ. ಅದಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಆದರೆ ಸೊಪ್ಪು ಧಾರಾಳವಾಗಿ ಬರುತ್ತದೆ. ನನ್ನ ಜಾಗವೂ ಅರೆನೆರಳಿನದೇ, ಅಲ್ಲಿ ಈರುಳ್ಳಿಯನ್ನು ನಾನು ಸೊಪ್ಪಿಗೆ ಅಂತಲೇ ಬೆಳೆಯುತ್ತೇನೆ.

ಗಡ್ಡೆ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಎರಡು ಕಾರಣ ಇರಬಹುದು, ತುಂಬಾ ಜನ ಎರಡನ್ನೂ ಕಲಸಿಬಿಡುತ್ತಾರೆ. ಹಗಲಿನ ಉದ್ದ ಬೇರೆ, ಗಿಡದ ಮೇಲೆ ಬೀಳುವ ಬಿಸಿಲು ಬೇರೆ. ಗಡ್ಡೆ ಕಟ್ಟಲು ಶುರು ಮಾಡುವ ಹೊತ್ತು ಬಂತು ಅಂತ ಗಿಡಕ್ಕೆ ಗೊತ್ತಾಗುವುದು ಹಗಲು ಎಷ್ಟು ಉದ್ದ ಇದೆ ಅನ್ನುವುದರಿಂದ, ನೆರಳಲ್ಲಿದ್ದರೂ ಅದು ಗೊತ್ತಾಗುತ್ತದೆ. ಕೆಲವು ತಳಿಗಳಿಗೆ 10-12 ಗಂಟೆ ಹಗಲು ಸಾಕು, ಕೆಲವಕ್ಕೆ 14 ಗಂಟೆಗಿಂತ ಜಾಸ್ತಿ ಬೇಕು. ನಿಮ್ಮ ಕಡೆ ಹಗಲು ಅಷ್ಟು ಉದ್ದ ಆಗುವುದೇ ಇಲ್ಲ ಅಂದರೆ ಎರಡನೇ ಥರದ ಬೀಜ ದಿನವಿಡೀ ಬಿಸಿಲಲ್ಲಿಟ್ಟರೂ ಗಡ್ಡೆ ಕಟ್ಟುವುದಿಲ್ಲ. ಹಾಗಾಗಿ ಮೊದಲು ಬೀಜದ ಪ್ಯಾಕೆಟ್ ನೋಡಿ.

ತಳಿ ಸರಿಯಿದ್ದರೆ ಕೊರತೆ ಬಿಸಿಲಿನದೇ. ಗಡ್ಡೆಯ ಒಳಗಿನ ಪದರಗಳು ಹೆಚ್ಚಾಗಿ ಎಲೆಗಳ ಬುಡವೇ ಊದಿಕೊಂಡದ್ದು. ಎಲೆ ನಾಲ್ಕೈದೇ ಇದ್ದು ಅವೂ ಸಣ್ಣಗಿದ್ದರೆ ಗಡ್ಡೆ ಎಲ್ಲಿಂದ ದಪ್ಪ ಆಗಬೇಕು, ಅಲ್ವಾ? ಆಗ ಜಾಸ್ತಿ ಗೊಬ್ಬರ ಸುರಿದರೂ ಉಪಯೋಗ ಇಲ್ಲ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ ಬಾಗುತ್ತದೆ, ಕುತ್ತಿಗೆ ದಪ್ಪ ಆಗುತ್ತದೆ, ಗಡ್ಡೆ ಇನ್ನೂ ತಡ.

ಸೊಪ್ಪಿಗಾದರೆ 15 ಸೆಂ.ಮೀ. ಆಳದ ಕುಂಡ ಸಾಕು. ಬೀಜವನ್ನು ಒತ್ತಾಗಿಯೇ ಹಾಕಿ, ಇಲ್ಲವೇ ಸಣ್ಣ ಈರುಳ್ಳಿಗಳನ್ನು ಒಂದಕ್ಕೊಂದು ತಾಗುವ ಹಾಗೆ ಊರಿ. ಕೊಯ್ಯುವಾಗ ಬುಡದಿಂದ ಮೂರ್ನಾಲ್ಕು ಸೆಂ.ಮೀ. ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಅಡುಗೆಮನೆಯಲ್ಲಿ ಮೊಳಕೆ ಬಂದ ಈರುಳ್ಳಿಯನ್ನೂ ಹೀಗೆ ನೆಡಬಹುದು, ಸೊಪ್ಪು ಬೇಗ ಸಿಗುತ್ತದೆ. ಆದರೆ ಅದು ಇನ್ನೊಂದು ದೊಡ್ಡ ಗಡ್ಡೆ ಕೊಡುತ್ತದೆ ಅಂತ ಕಾಯಬೇಡಿ. ಈರುಳ್ಳಿ ಒಂದು ಹಂಗಾಮಿನಲ್ಲಿ ಗಡ್ಡೆ ಕಟ್ಟಿ ಮುಂದಿನದರಲ್ಲಿ ಹೂ ಬಿಡುವ ಗಿಡ, ನೆಟ್ಟ ಗಡ್ಡೆ ಒಡೆದು ಎರಡು ಮೂರು ಚಿಗುರಾಗಿ ಕೊನೆಗೆ ಹೂದಂಟು ಹೊರಡಿಸುವ ಕಡೆಗೇ ಹೋಗುತ್ತದೆ.

ನೆರಳಿನ ಕುಂಡದಲ್ಲಿ ಈರುಳ್ಳಿ ಸಾಯುವುದು ಹೆಚ್ಚಾಗಿ ನೀರಿನಿಂದ. ಬಿಸಿಲಿಲ್ಲದ ಕಡೆ ಮಣ್ಣು ನಿಧಾನವಾಗಿ ಆರುತ್ತದೆ, ನಾವು ಮಾತ್ರ ದಿನಾ ನೀರು ಹಾಕುತ್ತಲೇ ಇರುತ್ತೇವೆ. ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಹಾಗಾಗಿ ಮಣ್ಣು ಪೂರ್ತಿ ಒಣಗಲೂಬಾರದು, ಕೆಸರಾಗಲೂಬಾರದು. ಬೆರಳು ಚುಚ್ಚಿ ನೋಡಿ, ಮೇಲಿನ ಎರಡು ಸೆಂ.ಮೀ. ಒಣಗಿದ್ದರೆ ಮಾತ್ರ ಹಾಕಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಣ್ಣಿಗೆ ಎರೆಗೊಬ್ಬರ, ಸ್ವಲ್ಪ ಮರಳು ಸೇರಿಸಿ ಸಡಿಲ ಮಾಡಿಕೊಂಡರೆ ಒಳ್ಳೆಯದು.

ಬೆಳಕನ್ನೂ ಒಂಚೂರು ಹೆಚ್ಚಿಸಬಹುದು. ಬಾಲ್ಕನಿಯ ಅಡ್ಡಗೋಡೆಯ ನೆರಳು ನೆಲದ ಮೇಲೇ ಜಾಸ್ತಿ, ಕುಂಡವನ್ನು ಒಂದು ಸ್ಟೂಲಿನ ಮೇಲಿಟ್ಟರೆ ಸಾಕು, ಅದೇ ಜಾಗದಲ್ಲಿ ಇನ್ನಷ್ಟು ಹೊತ್ತು ಬಿಸಿಲು ಸಿಗಬಹುದು. ಬಿಳಿ ಗೋಡೆಯ ಹತ್ತಿರ ಇಡಿ, ಆಗಾಗ ಕುಂಡ ತಿರುಗಿಸಿ.

ಗಡ್ಡೆಯೇ ಬೇಕು ಅಂತ ಹಟ ಇದ್ದರೆ 20-25 ಸೆಂ.ಮೀ. ಆಳದ ಕುಂಡ, ಸಸಿಗಳ ನಡುವೆ 8-10 ಸೆಂ.ಮೀ. ಜಾಗ, ಮೇಲೆ ಬಿಳಿ ಎಲ್‌ಇಡಿ ದೀಪ. ಇಲ್ಲೊಂದು ಎಚ್ಚರ: ದೀಪದ ಬೆಳಕನ್ನೂ ಗಿಡ ಹಗಲು ಅಂತಲೇ ಲೆಕ್ಕ ಹಾಕುತ್ತದೆ. 12 ಗಂಟೆಗೇ ಗಡ್ಡೆ ಕಟ್ಟುವ ತಳಿಯ ಎಳೆ ಸಸಿಗೆ ರಾತ್ರಿಯವರೆಗೂ ದೀಪ ಹಾಕಿದರೆ ಎಲೆ ಬೆಳೆಯುವ ಮೊದಲೇ ಗಡ್ಡೆ ಕಟ್ಟಿ ಗೋಲಿಯಷ್ಟಕ್ಕೇ ನಿಂತುಬಿಡುತ್ತದೆ. ಅದಕ್ಕೆ ಬಿಸಿಲು ಸರಿದ ಮೇಲೆ ಹಗಲಲ್ಲೇ ದೀಪ ಹಾಕಿ, ಕತ್ತಲಾಗುತ್ತಿದ್ದ ಹಾಗೆ ಆರಿಸಿ.