ಸೇವ್ ಒತ್ತಿದರೆ ಪುಟದ ಆ ಭಾಗ ಬದಲಾಗುವುದಿಲ್ಲ, ಎರರ್ ಮೆಸೇಜ್ ಬರುತ್ತದೆ. ಅದನ್ನು ನಿಲ್ಲಿಸುವುದು ಹೇಗೆ?

ನಿಲ್ಲಿಸಬೇಡಿ. ಬೇರೆ ಏನು ಬೇಕಾದರೂ ಮಾಡಿ, ಆ ಮೆಸೇಜನ್ನು ಮಾತ್ರ ನಿಲ್ಲಿಸಬೇಡಿ.

ನಿಮ್ಮದು ಹಾಲಿನ ಸೊಸೈಟಿಯ ಹಳೆಯ ಸಾಫ್ಟ್‌ವೇರ್, ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಎಂಬ ವೆಬ್ ತಂತ್ರಜ್ಞಾನದಲ್ಲಿ ಬರೆದದ್ದು. ಸೇವ್ ಒತ್ತಿದರೆ 'ಸರ್ವರ್ ಕಳಿಸಿದ್ದನ್ನು ಓದಲು ಆಗಲಿಲ್ಲ' ಎಂಬ ಪಾಪ್‌ಅಪ್. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿ, ಸೊಸೈಟಿಯಲ್ಲಿ ಮಾತ್ರ ತೊಂದರೆ. ಪಾಪ್‌ಅಪ್ ತೆಗೆಯಲೇ, ಸರ್ವರ್‌ಗೆ ಮೆಮೊರಿ ಹಾಕಿಸಲೇ, ಇಲ್ಲ ಎಲ್ಲವನ್ನೂ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಹೊಸದಾಗಿ ಬರೆಯಲೇ ಎಂದು ಕೇಳಿದ್ದೀರಿ. ಓದುತ್ತಿದ್ದ ಹಾಗೆ 2011ರ ಮಳೆಗಾಲ ನೆನಪಾಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಖರೀದಿ ಅಂಗಡಿಯಲ್ಲಿ ನಾನು ಮಾಡಿದ್ದು ಇದನ್ನೇ.

ಆಗ ನಾನು ಕುಂಬಳೆಯಲ್ಲಿ ಒಂದು ಸಣ್ಣ ಕೋಣೆ ಬಾಡಿಗೆಗೆ ತೆಗೆದುಕೊಂಡು ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆ. ಈ ಅಂಗಡಿಯ ಸಾಫ್ಟ್‌ವೇರ್ ಬೇರೆಯವರು ಬರೆದದ್ದು, ಪೂರ್ತಿ ಇಂಗ್ಲಿಷಿನಲ್ಲಿತ್ತು. ನಮ್ಮ ಕಡೆ ಅಡಿಕೆ ತರುವ ಕೃಷಿಕರಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರೇ ಜಾಸ್ತಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಇರಬಹುದು, ಪೇಟೆಯಲ್ಲಿ ಮಲಯಾಳ ಮಾತಾಡಬಹುದು, ಓದುವುದು ಮಾತ್ರ ಕನ್ನಡ. 'ನಮ್ಮ ಬಿಲ್ಲು ಕನ್ನಡದಲ್ಲಿ ಬರಬೇಕು' ಎಂದು ಧಣಿಗಳು ಹೇಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಸೋರ್ಸ್ ಕೋಡ್ ಇತ್ತು. ಆದರೆ ಪುಟಗಳು ನಲವತ್ತಕ್ಕಿಂತ ಜಾಸ್ತಿ. ಒಂದೊಂದೇ ತಿದ್ದುವ ಬದಲು ನಾನು ಒಂದು ರೆಸ್ಪಾನ್ಸ್ ಫಿಲ್ಟರ್ ಬರೆದೆ. ಸರ್ವರಿನಿಂದ ಪುಟ ಹೊರಗೆ ಹೋಗುವಾಗ ಕೊನೆಯ ಬಾಗಿಲಲ್ಲಿ ನಿಂತು ಇಂಗ್ಲಿಷ್ ಪದ ತೆಗೆದು ಕನ್ನಡ ಪದ ಇಡುವುದು ಅದರ ಕೆಲಸ. ಎರಡೂ ಬದಿಯಲ್ಲಿ ಟ್ಯಾಗ್ ಇರುವ ಪದ ಮಾತ್ರ ಬದಲಾಗುವ ಹಾಗೆ ಮಾಡಿದ್ದೆ. ನೇಮ್ ಇದ್ದಲ್ಲಿ ಹೆಸರು, ವೆಯ್ಟ್ ಇದ್ದಲ್ಲಿ ತೂಕ, ಅಮೌಂಟ್ ಇದ್ದಲ್ಲಿ ಮೊತ್ತ. ಎರಡು ದಿನದಲ್ಲಿ ಕೆಲಸ ಮುಗಿಯಿತು. ಮೊದಲ ಬಿಲ್ಲು ಕನ್ನಡದಲ್ಲಿ ಪ್ರಿಂಟ್ ಆದಾಗ ಅಂಗಡಿಯಲ್ಲಿದ್ದವರೆಲ್ಲ ಕೈಯಲ್ಲಿ ಹಿಡಿದು ನೋಡಿದರು.

ಜೂನ್ ಬಂತು. ಶಾಲೆ ಶುರುವಾಗುವ ಹೊತ್ತು. ಖರ್ಚಿಗೆ ಬೇಕೆಂದು ಇಟ್ಟ ಅಡಿಕೆ ತರುವವರು ಜಾಸ್ತಿಯಾದರು. ಆಗ ಬಿಲ್ ಬರೆಯುವ ಅಕ್ಕ ಫೋನ್ ಮಾಡಿದರು. "ತಮ್ಮಾ, ಸೇವ್ ಒತ್ತಿದ್ರೆ ಇಂಗ್ಲಿಷಿನಲ್ಲಿ ಎಂತದೋ ಬರ್ತದೆ. ಅದನ್ನು ಮುಚ್ಚಿದ್ರೆ ಪುಟ ಹಾಗೇ ಇರ್ತದೆ. ಪಟ್ಟಿಗೆ ಹೋಗಿ ನೋಡಿದ್ರೆ ಬಿಲ್ಲು ಉಂಟು."

ಆ ಮೂರು ವಾಕ್ಯದಲ್ಲಿ ಎಲ್ಲವೂ ಇತ್ತು. ಬಿಲ್ಲು ಸೇವ್ ಆಗಿದೆ, ಪುಟಕ್ಕೆ ಅದು ತಿಳಿದಿಲ್ಲ. ನಾನು ಕೇಳಿಸಿಕೊಂಡದ್ದು 'ಇಂಗ್ಲಿಷಿನಲ್ಲಿ ಎಂತದೋ ಬರ್ತದೆ' ಎಂಬುದನ್ನು ಮಾತ್ರ. ಸಾಲಿನಲ್ಲಿ ಜನ ನಿಂತಿದ್ದಾರೆ, ಮೊದಲು ಅದನ್ನು ತೆಗೆಯಿರಿ ಎಂದು ಧಣಿಗಳೂ ಹೇಳಿದರು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮೂರು ಸಾಲಿನ ಜಾವಾಸ್ಕ್ರಿಪ್ಟ್ ಸಿಕ್ಕಿತು. ಸರ್ವರಿನ ಉತ್ತರ ಬಂದು ಮುಗಿದಾಗ ನಡೆಯುವ ಎಂಡ್ ರಿಕ್ವೆಸ್ಟ್ ಎಂಬ ಘಟನೆಗೆ ಒಂದು ಫಂಕ್ಷನ್ ಕಟ್ಟುವುದು, ಎರರ್ ಇದ್ದರೆ ಅದನ್ನು 'ನಾನು ನೋಡಿಕೊಂಡಿದ್ದೇನೆ' ಎಂದು ಗುರುತು ಮಾಡುವುದು. ಹಾಕಿದೆ. ಪಾಪ್‌ಅಪ್ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನೀವು ಕೇಳುತ್ತಿರುವುದು ಇದೇ ಮೂರು ಸಾಲನ್ನು. 'ನೋಡಿಕೊಂಡಿದ್ದೇನೆ' ಎಂದು ಬರೆದೆ, ಏನನ್ನೂ ನೋಡಿರಲಿಲ್ಲ. ಆ ಪಾಪ್‌ಅಪ್ ಇದ್ದಾಗ ಬಿಲ್ ಬರೆಯುವವರಿಗೆ ಒಂದು ವಿಷಯವಾದರೂ ಗೊತ್ತಾಗುತ್ತಿತ್ತು: ಒತ್ತಿದ್ದು ಹತ್ತಿದೆ, ಏನೋ ಆಗಿದೆ, ಪಟ್ಟಿ ನೋಡಬೇಕು. ಅದನ್ನು ತೆಗೆದ ಮೇಲೆ ಏನೂ ಇಲ್ಲ. ಒತ್ತಿದರೆ ಮೌನ. ಮೌನ ಬಂದರೆ ಮನುಷ್ಯರು ಏನು ಮಾಡುತ್ತಾರೆ? ಇನ್ನೊಂದು ಸಲ ಒತ್ತುತ್ತಾರೆ. ಅಷ್ಟರಲ್ಲಿ ಸರ್ವರ್ ಮೊದಲನೆಯದನ್ನು ಬರೆದಿಟ್ಟಾಗಿದೆ. ಎರಡನೆಯದನ್ನೂ ಬರೆಯುತ್ತದೆ. ತಡೆಯಲು ನಾನು ಏನೂ ಇಟ್ಟಿರಲಿಲ್ಲ. ಬಿಲ್ ನಂಬರ್ ಸರ್ವರೇ ಕೊಡುತ್ತಿದ್ದರಿಂದ ಎರಡಕ್ಕೂ ಬೇರೆ ಬೇರೆ ನಂಬರ್ ಬಿತ್ತು. ನೋಡಿದವರಿಗೆ ಎರಡೂ ಅಸಲಿ.

ಅಕ್ಕನಿಗೆ ಅಭ್ಯಾಸ ಆಗಿತ್ತು. ಒಂದೇ ಸಲ ಒತ್ತಿ ಪಟ್ಟಿಗೆ ಹೋಗುತ್ತಿದ್ದರು. ಜನ ಜಾಸ್ತಿ ಇದ್ದ ದಿನ, ಕರೆಂಟ್ ಹೋಗಿ ಬಂದ ದಿನ, ಅವರ ಬದಲಿಗೆ ಬೇರೆಯವರು ಕೂತ ದಿನ ಎರಡು ಸಲ ಒತ್ತಿಹೋಗುತ್ತಿತ್ತು. ಐದು ವಾರದಲ್ಲಿ ಹಾಗೆ ಆದದ್ದು 11 ಬಿಲ್ಲು. ಶನಿವಾರ ಲೆಕ್ಕ ಕೂಡಿಸಿ ಚೆಕ್ ಬರೆಯುವುದು ಆ ಅಂಗಡಿಯ ಕ್ರಮ. ಎರಡರ ಮೊತ್ತಕ್ಕೂ ಚೆಕ್ ಹೋಯಿತು.

ಗೊತ್ತಾದದ್ದು ಗೋದಾಮು ಲೆಕ್ಕ ಹಾಕಿದಾಗ. ಪುಸ್ತಕದಲ್ಲಿ ಅಡಿಕೆ ಜಾಸ್ತಿ, ಗೋದಾಮಿನಲ್ಲಿ ಕಡಿಮೆ. ಅಡಿಕೆ ಅಂಗಡಿಯಲ್ಲಿ ಹಾಗಾದರೆ ಮೊದಲು ಯಾರ ಮೇಲೆ ಕಣ್ಣು ಬೀಳುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ? ಆ ಅಕ್ಕನನ್ನು ನಾಲ್ಕು ದಿನ ಮನೆಯಲ್ಲಿ ಇರಿ ಎಂದರು. ಹನ್ನೆರಡು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದವರು. ಆಮೇಲೆ ಧಣಿಗಳು ಅವರ ಮನೆಗೆ ಹೋಗಿ ಕರೆದುಕೊಂಡು ಬಂದರು, ನಾನೂ ಜೊತೆಗೆ ಹೋಗಿದ್ದೆ. ಅವರು ಚಹಾ ಮಾಡಿ ಕೊಟ್ಟರು. "ನಾನು ಆವತ್ತೇ ಹೇಳಿದ್ದೆ ತಮ್ಮಾ" ಎಂದರು, ಅಷ್ಟೇ. ಇವತ್ತಿಗೂ ಯಾರಾದರೂ 'ಎರರ್ ತೋರಿಸದ ಹಾಗೆ ಮಾಡುವುದು ಹೇಗೆ' ಎಂದು ಕೇಳಿದರೆ ನನಗೆ ಆ ಜಗಲಿ ನೆನಪಾಗುತ್ತದೆ.

ಈಗ ಕಾರಣಕ್ಕೆ ಬರುತ್ತೇನೆ. ಅಪ್‌ಡೇಟ್ ಪ್ಯಾನೆಲ್ (ಪುಟದಲ್ಲಿ ತಾನೊಂದೇ ಬದಲಾಗಬಲ್ಲ ಭಾಗ) ಒಳಗಿನ ಬಟನ್ ಒತ್ತಿದಾಗ ಸರ್ವರ್ ಇಡೀ ಪುಟ ಕಳಿಸುವುದಿಲ್ಲ, ಬದಲಾದ ತುಂಡುಗಳನ್ನು ಮಾತ್ರ ಕಳಿಸುತ್ತದೆ. ಒಂದೊಂದು ತುಂಡಿಗೂ ಮೊದಲು ಒಂದು ಸಂಖ್ಯೆ. ಆಮೇಲೆ ಒಂದು ನಿಂತ ಗೆರೆ. ಆಮೇಲೆ ಅದು ಯಾವ ಬಗೆಯ ತುಂಡು, ಗೆರೆ, ಯಾವ ಪ್ಯಾನೆಲ್ಲಿನದು, ಗೆರೆ. ಆಮೇಲೆ ತುಂಡು, ಅದರ ಕೊನೆಗೆ ಇನ್ನೊಂದು ಗೆರೆ. ಮೊದಲಿನ ಸಂಖ್ಯೆ ಎಂದರೆ ತುಂಡಿನಲ್ಲಿ ಎಷ್ಟು ಅಕ್ಷರ ಇದೆ ಎಂಬ ಲೆಕ್ಕ. ಬ್ರೌಸರ್ ಅಷ್ಟು ಅಕ್ಷರ ದಾಟಿ ಹೋಗಿ ಅಲ್ಲಿ ಗೆರೆ ಇದೆಯಾ ಎಂದು ನೋಡುತ್ತದೆ. ಇಲ್ಲದಿದ್ದರೆ ಇಡೀ ಉತ್ತರವನ್ನು ಬಿಟ್ಟುಬಿಡುತ್ತದೆ.

ನನ್ನ ಫಿಲ್ಟರ್ ಪದ ಬದಲಿಸುತ್ತಿದ್ದದ್ದು ಆ ಸಂಖ್ಯೆ ಬರೆದಾದ ಮೇಲೆ. ತೂಗಿ, ಚೀಟಿ ಕಟ್ಟಿದ ಗೋಣಿಯನ್ನು ದಾರಿಯಲ್ಲಿ ಬಿಚ್ಚಿ ಅಡಿಕೆ ತೆಗೆದ ಹಾಗೆ. ವೆಯ್ಟ್ ಎಂಬುದಕ್ಕೆ ಇಂಗ್ಲಿಷಿನಲ್ಲಿ 6 ಅಕ್ಷರ. ತೂಕ ಎಂಬುದು ನಮ್ಮ ಕಣ್ಣಿಗೆ 2, ಕಂಪ್ಯೂಟರಿಗೆ 3: ತ, ಅದರ ಊ ಸ್ವರದ ಗುರುತು, ಕ. ಅಂದರೆ 3 ಕಡಿಮೆ. ಇಡೀ ಪುಟ ಹೋಗುವಾಗ ಈ ಲೆಕ್ಕವೇ ಇಲ್ಲ, ಆದ್ದರಿಂದ ಪುಟ ತೆರೆಯುವಾಗ ಎಲ್ಲ ಸರಿ ಕಾಣುತ್ತಿತ್ತು.

ಇನ್ನೂ ಒಂದು ಇತ್ತು, ಅದೇ ನನ್ನನ್ನು ಜಾಸ್ತಿ ದಾರಿ ತಪ್ಪಿಸಿದ್ದು. ಮುಂಗಡ ದುಡ್ಡು ಕೊಡುವ ಪುಟದಲ್ಲಿ ಯಾವತ್ತೂ ತೊಂದರೆ ಬರಲಿಲ್ಲ. ಅಡಿಕೆ ಬಿಲ್ಲಿನಲ್ಲಿ ಮಾತ್ರ ಬರುತ್ತಿತ್ತು. ಹಾಗಾದರೆ ತೂಕದ ಲೆಕ್ಕದಲ್ಲೇ ತಪ್ಪಿದೆ ಎಂದುಕೊಂಡು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ದರ್ಜೆಗಳನ್ನು ಬೇರೆ ಬೇರೆ ತೂಗುವ ಕೋಡನ್ನು ಎರಡು ಸಲ ತಿರುಗಿ ಬರೆದೆ. ನಿಜವಾದ ವಿಷಯ ಹೀಗೆ: ಮುಂಗಡದ ಪುಟದಲ್ಲಿ ಇದ್ದದ್ದು ಹೆಸರು ಮತ್ತು ಮೊತ್ತ. ನೇಮ್ 4 ಅಕ್ಷರ, ಹೆಸರು 5. ಅಮೌಂಟ್ 6, ಮೊತ್ತ 5. ಒಂದು ಹೆಚ್ಚು, ಒಂದು ಕಡಿಮೆ. ಕೂಡಿದರೆ ಸೊನ್ನೆ. ಸಂಖ್ಯೆ ಸರಿ ಬಂತು, ಪುಟ ಬದಲಾಯಿತು. ಅಡಿಕೆ ಬಿಲ್ಲಿನಲ್ಲಿ ತೂಕವೂ ಸೇರಿದಾಗ ಲೆಕ್ಕ ತಪ್ಪಿತು.

ನನ್ನ ಕೋಣೆಯಲ್ಲಿ ಯಾಕೆ ಒಮ್ಮೆಯೂ ಬರಲಿಲ್ಲ? ನಾನು ಪರೀಕ್ಷೆ ಮಾಡುತ್ತಿದ್ದದ್ದು ಇಂಗ್ಲಿಷ್ ಸೆಟ್ಟಿಂಗಿನಲ್ಲಿ. ಭಾಷೆ ಕನ್ನಡ ಎಂದು ಇದ್ದರೆ ಮಾತ್ರ ಫಿಲ್ಟರ್ ಓಡುತ್ತಿತ್ತು. ಬದಿಯಡ್ಕಕ್ಕೆ ಹೋಗಿ, ಅವರ ಕುರ್ಚಿಯಲ್ಲಿ ಕೂತು, ಫೈರ್‌ಫಾಕ್ಸ್ ಬ್ರೌಸರಿಗೆ ಫೈರ್‌ಬಗ್ ಎಂಬ ಪರಿಶೀಲನಾ ಸಾಧನ ಹಾಕಿ, ಸರ್ವರ್ ಕಳಿಸಿದ್ದನ್ನು ಹಾಗೇ ತೆರೆದು ನೋಡಿದೆ. ಸಂಖ್ಯೆ 2147. ತುಂಡನ್ನು ಬೇರೆ ಮಾಡಿ ಎಣಿಸಿದರೆ 2144. ಮೂರು. ನೋಡಲು ಬೇಕಾದದ್ದು ಅರ್ಧ ಗಂಟೆ. ಅದಕ್ಕೆ ಮೊದಲು ಐದು ವಾರ ಕಳೆದಿತ್ತು. ಆ ಪಾಪ್‌ಅಪ್ಪಿನಲ್ಲೇ ಕಾರಣಗಳನ್ನು ಬರೆದಿದ್ದರು: ರೆಸ್ಪಾನ್ಸ್ ರೈಟ್, ರೆಸ್ಪಾನ್ಸ್ ಫಿಲ್ಟರ್, ಎಚ್‌ಟಿಟಿಪಿ ಮಾಡ್ಯೂಲ್, ಸರ್ವರ್ ಟ್ರೇಸ್. ಎರಡನೆಯದು ನನ್ನದು. ಕೊನೆಯವರೆಗೆ ಓದದೇ ಮುಚ್ಚಿದ್ದೆ.

ಹಾಗಾಗಿ ನೀವು ಹೇಳಿದ ಮೂರು ದಾರಿಯೂ ನನಗೆ ಒಪ್ಪಿಗೆ ಇಲ್ಲ. ಮೆಮೊರಿಗೆ ದುಡ್ಡು ಹಾಕಬೇಡಿ. 'ಡೇಟಾಬೇಸಿನಲ್ಲಿ ಎಂಟ್ರಿ ಇರುತ್ತದೆ' ಎಂದು ನೀವೇ ಬರೆದಿದ್ದೀರಿ, ಅಂದರೆ ಸರ್ವರ್ ತನ್ನ ಕೆಲಸ ಮಾಡಿದೆ. ರಿಯಾಕ್ಟಿಗೆ ಹೋದರೆ ಈ ರೋಗ ಹೋಗುತ್ತದೆ ಎಂಬುದೂ ಸರಿಯಲ್ಲ. ಅಲ್ಲಿ ಸರ್ವರ್ ಜೊತೆ ಮಾತಾಡಲು ಬ್ರೌಸರಿನ ಫೆಚ್ ಬಳಸುತ್ತೀರಿ. ಸರ್ವರ್ 500 (ಅಂದರೆ ತನ್ನೊಳಗೇ ತಪ್ಪಾಯಿತು) ಎಂಬ ಉತ್ತರ ಕೊಟ್ಟರೂ ಫೆಚ್ ಅದನ್ನು ಸೋಲು ಎಂದು ಎಣಿಸುವುದಿಲ್ಲ, ನೀವೇ ಸ್ಟೇಟಸ್ ನೋಡಬೇಕು. ಲಾಗಿನ್ ಅವಧಿ ಮುಗಿದಿದ್ದರೆ ಅದು ತಾನಾಗಿ ಲಾಗಿನ್ ಪುಟಕ್ಕೆ ಹೋಗಿ, ಆ ಎಚ್‌ಟಿಎಂಎಲ್ ತಂದು, 200 (ಅಂದರೆ ಎಲ್ಲ ಸರಿ) ಎಂದು ನಿಮ್ಮ ಕೈಗೆ ಕೊಡುತ್ತದೆ. ಅದನ್ನು ಜೇಸನ್ ಎಂಬ ಡೇಟಾ ರೂಪ ಎಂದು ಓದಲು ಹೋದರೆ ಮೊದಲ ಅಕ್ಷರದಲ್ಲೇ ತಪ್ಪು ಎನ್ನುತ್ತದೆ. ಆ ಎರರನ್ನೂ ಒಂದು ಖಾಲಿ ಕ್ಯಾಚ್ (ಎರರ್ ಹಿಡಿದು ಏನೂ ಮಾಡದ ಕೋಡ್) ಹಾಕಿ ಮುಚ್ಚಿದರೆ ನೀವು ನಾನು ನಿಂತ ಜಾಗಕ್ಕೇ ಬರುತ್ತೀರಿ.

ಸೊಸೈಟಿಗೆ ಹೋಗಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ಅವರ ಲಾಗಿನ್, ಅವರ ಸೆಟ್ಟಿಂಗ್, ಅವರ ಕಂಪ್ಯೂಟರ್. ಎಫ್ 12 ಒತ್ತಿ, ನೆಟ್‌ವರ್ಕ್ ಎಂಬಲ್ಲಿ ಹೋಗಿ, ಸೇವ್ ಒತ್ತಿ, ಬಂದ ಉತ್ತರವನ್ನು ಕಚ್ಚಾ ರೂಪದಲ್ಲಿ ತೆರೆಯಿರಿ. ಸಂಖ್ಯೆಯ ಬದಲು ಎಚ್‌ಟಿಎಂಎಲ್ ಪುಟವೇ ಶುರುವಾದರೆ ಅದು ಲಾಗಿನ್ ಪುಟ ಅಥವಾ ಎರರ್ ಪುಟ. ಸೆಷನ್ ಅವಧಿ ನೋಡಿ, ಯಾರೂ ಬದಲಿಸದಿದ್ದರೆ ಅದು 20 ನಿಮಿಷ. ಬೆಳಗ್ಗಿನ ಹಾಲು ಮುಗಿಸಿ ಎದ್ದು ಹೋದವರು ಬಂದು ಒತ್ತುವಾಗ ಅದು ಮುಗಿದಿರುತ್ತದೆ. ಸಂಖ್ಯೆಗಿಂತ ಮೊದಲು ಒಂದೆರಡು ಪದ ಸುಮ್ನೆ ಬಿದ್ದಿದ್ದರೆ ಯಾರೋ ಪರೀಕ್ಷೆಗೆ ಬರೆದ ರೆಸ್ಪಾನ್ಸ್ ರೈಟ್ ಉಳಿದಿದೆ. ತುದಿಯಲ್ಲಿ ಉದ್ದದ ಕೋಷ್ಟಕ ಇದ್ದರೆ ಸರ್ವರಿನ ಕೆಲಸದ ವಿವರ ಬರೆಯುವ ಟ್ರೇಸ್ ಆನ್ ಇದೆ. ಎಲ್ಲ ಸರಿ ಕಂಡರೆ ತುಂಡಿನ ಅಕ್ಷರಗಳನ್ನು ಎಣಿಸಿ.

ನಾನು ಆಮೇಲೆ ಫಿಲ್ಟರನ್ನು ಪೂರ್ತಿ ತೆಗೆದೆ. ಕನ್ನಡ ಪದಗಳನ್ನು ರಿಸೋರ್ಸ್ ಫೈಲುಗಳಿಗೆ (ಪುಟದ ಪದಗಳನ್ನು ಭಾಷೆವಾರು ಇಡುವ ಫೈಲುಗಳು) ಹಾಕಿದೆ, ನಲವತ್ತು ಪುಟಕ್ಕೆ ಹನ್ನೆರಡು ದಿನ ಹಿಡಿಯಿತು. ಅಲ್ಲಿ ಪದ ಬದಲಾಗುವುದು ಎಣಿಸುವುದಕ್ಕಿಂತ ಮೊದಲು. ಪುಟ ತೆರೆದಾಗಲೇ ಒಂದು ಗುರುತಿನ ನಂಬರ್ ಕೊಟ್ಟು, ಡೇಟಾಬೇಸಿನಲ್ಲಿ ಅದು ಎರಡನೇ ಸಲ ಬರದ ಹಾಗೆ ಯುನೀಕ್ ಇಂಡೆಕ್ಸ್ ಹಾಕಿದೆ. ಒತ್ತಿದ ಕೂಡಲೇ ಬಟನ್ ಮಂಕಾಗುವುದು ಚೆಂದ, ಆದರೆ ಅದನ್ನು ಮಾತ್ರ ನಂಬಬೇಡಿ. ಎರರ್ ಮೆಸೇಜನ್ನು ಕನ್ನಡದಲ್ಲಿ ಬರೆದೆ: 'ಬಿಲ್ಲು ಸೇವ್ ಆಗಿರಬಹುದು. ಇನ್ನೊಮ್ಮೆ ಒತ್ತಬೇಡಿ, ಪಟ್ಟಿ ನೋಡಿ.' ಆ ವಾಕ್ಯ ಅಕ್ಕನೇ ಹೇಳಿಕೊಟ್ಟದ್ದು.

11 ಮಂದಿಯಲ್ಲಿ ಒಂಬತ್ತು ಮಂದಿ ಹಣ ವಾಪಸ್ ತಂದುಕೊಟ್ಟರು. ಒಬ್ಬರು ಮಗಳ ಕಾಲೇಜಿಗೆ ಕಟ್ಟಿ ಆಗಿತ್ತು, ಮುಂದಿನ ಅಡಿಕೆಯಲ್ಲಿ ತೀರಿಸಿದರು. ಇನ್ನೊಬ್ಬರದ್ದನ್ನು ನಾನು ಕೊಟ್ಟೆ.

ನಿಮ್ಮಲ್ಲಿ ಬಟವಾಡೆ ಯಾವಾಗ ಎಂದು ಬರೆದಿಲ್ಲ. ಅದಕ್ಕೆ ಮೊದಲು, ಕೋಡ್ ಮುಟ್ಟುವ ಮೊದಲೇ, ಡೇಟಾಬೇಸಿನಲ್ಲಿ ಹುಡುಕುವ ಒಂದು ಕ್ವೆರಿ ಓಡಿಸಿ. ಒಬ್ಬ ಸದಸ್ಯ ಒಂದು ಹೊತ್ತಿಗೆ ಒಂದು ಸಲ ಹಾಲು ಹಾಕುತ್ತಾರೆ. ಅದೇ ಸದಸ್ಯ, ಅದೇ ದಿನ, ಅದೇ ಹೊತ್ತು, ಅದೇ ಲೀಟರ್ ಎರಡು ಸಲ ಇದ್ದರೆ ಅದನ್ನು ಬೇರೆ ಪಟ್ಟಿ ಮಾಡಿ ಸೊಸೈಟಿಯವರ ಕೈಗೆ ಕೊಡಿ. ಅಳಿಸಬೇಡಿ, ಅವರು ಕೇಳಿ ನೋಡಲಿ. ಆಮೇಲೆ ಕಚ್ಚಾ ಉತ್ತರದ ಮೊದಲ ಎರಡು ಸಾಲನ್ನು ಸದಸ್ಯರ ಹೆಸರು ತೆಗೆದು ಇಲ್ಲಿ ಹಾಕಿ. ನಾನು ನೋಡುತ್ತೇನೆ.